‘ಕಾಲ್ಪನಿಕ’ ಎಂಬ ಒಂದು ಸಾಲು ಸಾಲದು

2025ರ ಮಾರ್ಚ್ ಮೊದಲ ವಾರ ಮಧ್ಯಪ್ರದೇಶದ ಬುರ್ಹಾನ್‌ಪುರ ಜಿಲ್ಲೆಯ ಅಸೀರ್‌ಗಢ ಕೋಟೆಯ ಸುತ್ತಲಿನ ಹೊಲಗಳಲ್ಲಿ ರಾತ್ರಿ ಹೊತ್ತು ಬೆಳಕು ಓಡಾಡತೊಡಗಿತು. ಟಾರ್ಚು, ಗುದ್ದಲಿ, ಜರಡಿ, ಕೆಲವರ ಕೈಯಲ್ಲಿ ಲೋಹಶೋಧಕ ಯಂತ್ರ. ಊರಿನವರು ಮೊಘಲರ ಕಾಲದ ಚಿನ್ನ ಹುಡುಕುತ್ತಿದ್ದರು. ರಸ್ತೆ ಕಾಮಗಾರಿಗೆ ಅಗೆದ ಮಣ್ಣಿನಲ್ಲಿ ಹಳೆಯ ನಾಣ್ಯ ಸಿಕ್ಕವಂತೆ ಎಂಬ ಗಾಳಿಸುದ್ದಿ ಅಲ್ಲಿ ಮೊದಲೇ ಇತ್ತು. ಅದಕ್ಕೆ ರೆಕ್ಕೆಪುಕ್ಕ ಕಟ್ಟಿದ್ದು ಫೆಬ್ರುವರಿ 14ರಂದು ತೆರೆಕಂಡಿದ್ದ ‘ಛಾವಾ’ ಚಿತ್ರದ ಬುರ್ಹಾನ್‌ಪುರ ಖಜಾನೆ. ಸುದ್ದಿ ಪೊಲೀಸರ ಕಿವಿಗೆ ಬೀಳುವಷ್ಟರಲ್ಲಿ ಹೊಲಗಳ ತುಂಬ ಗುಂಡಿಗಳಾಗಿದ್ದವು. ಓದಿದವರು ನಕ್ಕರು. ಪುರಾತತ್ವದವರಿಗೆ ಮಾತ್ರ ಇದು ನಗುವ ವಿಷಯವಲ್ಲ. ಮಣ್ಣಿನ ಪದರ ಒಮ್ಮೆ ಕಲಸಿಹೋಯಿತೆಂದರೆ, ಅಲ್ಲಿ ಸಿಕ್ಕ ನಾಣ್ಯ ಯಾವ ಕಾಲದ ಯಾವ ನೆಲದ ಮೇಲೆ ಬಿದ್ದಿತ್ತೆಂದು ಮತ್ತೆ ಯಾರೂ ಹೇಳಲಾರರು.

ಅದೇ ತಿಂಗಳ 17ರಂದು ನಾಗಪುರದಲ್ಲಿ ಗಲಭೆಯಾಯಿತು. ಔರಂಗಜೇಬನ ಗೋರಿಯನ್ನು ತೆಗೆಯಬೇಕೆಂಬ ಪ್ರತಿಭಟನೆ, ಅದರಲ್ಲಿ ಪವಿತ್ರ ಬರಹವಿದ್ದ ಬಟ್ಟೆಯನ್ನು ಸುಟ್ಟರೆಂಬ ವದಂತಿ, ಕಲ್ಲು ತೂರಾಟ, ಬೆಂಕಿ, ಕರ್ಫ್ಯೂ. ಒಬ್ಬರ ಜೀವವೂ ಹೋಯಿತು. ಮರುದಿನ ಮುಖ್ಯಮಂತ್ರಿ ದೇವೇಂದ್ರ ಫಡಣವೀಸ್ ವಿಧಾನಸಭೆಯಲ್ಲಿ ಮಾತನಾಡುತ್ತ, ಔರಂಗಜೇಬನ ಮೇಲಿನ ಜನರ ಸಿಟ್ಟನ್ನು ‘ಛಾವಾ’ ಮತ್ತೆ ಕೆರಳಿಸಿದೆ ಎಂದರು. ಗಲಭೆಯ ಬೇರು ಒಂದು ಸಿನಿಮಾದಲ್ಲಷ್ಟೇ ಇರುವುದಿಲ್ಲ. ರಾಜಕಾರಣಿಗಳ ಹೇಳಿಕೆ, ಮೊಬೈಲಿನಲ್ಲಿ ಹರಿದ ವದಂತಿ ಎಲ್ಲವೂ ಸೇರಿಕೊಂಡಿದ್ದವು. ಆದರೂ ಒಂದು ರಾಜ್ಯದ ಮುಖ್ಯಮಂತ್ರಿ ಸದನದಲ್ಲಿ ನಿಂತು ಚಿತ್ರವೊಂದರ ಹೆಸರು ಹೇಳಿದ್ದನ್ನು ಹಗುರವಾಗಿ ಬಿಡುವಂತಿಲ್ಲ.

ಇಲ್ಲಿ ಎಚ್ಚರದಿಂದ ಹೆಜ್ಜೆ ಇಡಬೇಕು. 1689ರ ಮಾರ್ಚ್‌ನಲ್ಲಿ ‘ಛಾವಾ’ದ ನಾಯಕ, ಮರಾಠ ದೊರೆ ಸಂಭಾಜಿಯನ್ನು ಔರಂಗಜೇಬ ಚಿತ್ರಹಿಂಸೆ ಕೊಟ್ಟು ಕೊಲ್ಲಿಸಿದ್ದು ನಿಜ, ಚಿತ್ರ ಅದನ್ನು ಹುಟ್ಟಿಸಿದ್ದಲ್ಲ. ಆದರೆ ಸಂಭಾಜಿಗೆ ದ್ರೋಹ ಬಗೆದವರೆಂದು ತಮ್ಮ ಪೂರ್ವಜರನ್ನು ತೋರಿಸಿದ ರೀತಿಗೆ ಶಿರ್ಕೆ ಮನೆತನದ ಇಂದಿನ ಪೀಳಿಗೆಯವರು ಸಿಡಿದೆದ್ದರು, ನಿರ್ದೇಶಕರು ಕ್ಷಮೆ ಕೇಳಿದರು. ಆಧಾರ ಮರಾಠಿಯ ಶಿವಾಜಿ ಸಾವಂತರ ಕಾದಂಬರಿ ಎಂಬುದು ಅವರಿಗಿದ್ದ ಸಮರ್ಥನೆ. ನಿಜದ ಪಕ್ಕದಲ್ಲೇ ಕಟ್ಟಿದ್ದು ಕೂತಿರುತ್ತದೆ, ಎರಡಕ್ಕೂ ಒಂದೇ ಬೆಳಕು, ಒಂದೇ ಹಿನ್ನೆಲೆ ಸಂಗೀತ. ಯಾವುದು ಯಾವುದೆಂದು ಬೇರ್ಪಡಿಸಿಕೊಳ್ಳುವ ಕೆಲಸವನ್ನು ಪ್ರೇಕ್ಷಕನಿಗೆ ಬಿಟ್ಟು, ಚಿತ್ರತಂಡ ಮೊದಲಲ್ಲೇ ಒಂದು ಫಲಕ ತೋರಿಸಿ ಕೈತೊಳೆದುಕೊಳ್ಳುತ್ತದೆ. ಆ ಕೆಲಸ ಪ್ರೇಕ್ಷಕನಿಂದ ಆಗುತ್ತದೆಯೇ ಎಂಬುದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ನೋಡಿದ್ದಾರೆ.

2009ರಲ್ಲಿ ‘ಸೈಕಲಾಜಿಕಲ್ ಸೈನ್ಸ್’ ಪತ್ರಿಕೆಯಲ್ಲಿ ಆ್ಯಂಡ್ರೂ ಬಟ್ಲರ್, ಹೆನ್ರಿ ರೋಡಿಗರ್ ಮತ್ತು ಸಂಗಡಿಗರ ಅಧ್ಯಯನ ಪ್ರಕಟವಾಯಿತು. ಕಾಲೇಜು ವಿದ್ಯಾರ್ಥಿಗಳಿಗೆ ಇತಿಹಾಸದ ಸರಿಯಾದ ಪಾಠವನ್ನು ಓದಲು ಕೊಟ್ಟರು. ಅದೇ ವಿಷಯದ ಜನಪ್ರಿಯ ಚಲನಚಿತ್ರಗಳ ತುಣುಕುಗಳನ್ನೂ ತೋರಿಸಿದರು. ತುಣುಕುಗಳಲ್ಲಿ ಕೆಲವು ಸಂಗತಿ ಪಾಠಕ್ಕೆ ಹೊಂದುತ್ತಿದ್ದವು, ಕೆಲವು ನೇರವಾಗಿ ವಿರುದ್ಧವಾಗಿದ್ದವು. ಒಂದು ವಾರ ಬಿಟ್ಟು ಪಾಠದಲ್ಲಿ ಏನಿತ್ತು ಎಂದು ಕೇಳಿದರು. ಸಿನಿಮಾ ಪಾಠಕ್ಕೆ ಹೊಂದಿದ್ದ ಕಡೆ, ಬರೀ ಓದಿದ್ದಕ್ಕಿಂತ ಸುಮಾರು ಶೇ 50ರಷ್ಟು ಹೆಚ್ಚು ನೆನಪು ಉಳಿದಿತ್ತು. ಸಿನಿಮಾ ಸುಳ್ಳು ಹೇಳಿದ್ದ ಕಡೆ, ಹೆಚ್ಚುಕಡಿಮೆ ಅರ್ಧದಷ್ಟು ಸಲ ವಿದ್ಯಾರ್ಥಿಗಳು ಪಾಠವನ್ನು ಬಿಟ್ಟು ಸಿನಿಮಾದ ಸುಳ್ಳನ್ನೇ ಉತ್ತರವಾಗಿ ಬರೆದರು. ಅದೂ ಅಳುಕಿಲ್ಲದೆ, ಪಾಠದಲ್ಲೇ ಓದಿದ್ದೆವೆಂಬ ನಂಬಿಕೆಯಿಂದ.

ನಮಗೆ ಮುಖ್ಯವಾದದ್ದು ಆ ಅಧ್ಯಯನದ ಇನ್ನೊಂದು ಭಾಗ. ಒಂದು ಗುಂಪಿಗೆ ‘ಸಿನಿಮಾಗಳಲ್ಲಿ ತಪ್ಪುಗಳಿರಬಹುದು, ಹುಷಾರು’ ಎಂದು ಸಾಮಾನ್ಯ ಎಚ್ಚರಿಕೆ ಕೊಟ್ಟಿದ್ದರು. ಅದರಿಂದ ಪ್ರಯೋಜನವಾಗಲಿಲ್ಲ. ಇನ್ನೊಂದು ಗುಂಪಿಗೆ ‘ಈ ತುಣುಕಿನಲ್ಲಿ ಇಂಥ ಸಂಗತಿಯನ್ನು ಹೀಗೆ ತೋರಿಸಿದ್ದಾರೆ, ಅದು ತಪ್ಪು, ನಡೆದದ್ದು ಹೀಗೆ’ ಎಂದು ಬೆರಳಿಟ್ಟು ತೋರಿಸಿದ್ದರು. ಅವರಲ್ಲಿ ತಪ್ಪು ಬಹಳಷ್ಟು ಇಳಿಯಿತು. ‘ಈ ಚಿತ್ರದ ಪಾತ್ರಗಳೂ ಘಟನೆಗಳೂ ಕಾಲ್ಪನಿಕ’ ಎಂದು ನಾವು ದಶಕಗಳಿಂದ ಓದುತ್ತ ಬಂದಿರುವುದು, ಅಥವಾ ಓದದೆ ಪಾಪ್‌ಕಾರ್ನ್ ಹುಡುಕುತ್ತ ಬಂದಿರುವುದು, ಮೊದಲನೆಯ ಬಗೆಯ ಎಚ್ಚರಿಕೆ. ಕೆಲಸಕ್ಕೆ ಬಾರದೆಂದು ಪರೀಕ್ಷೆಯಲ್ಲಿ ಕಂಡುಬಂದದ್ದು ಅದೇ.

ಅವರು ಅಮೆರಿಕದ ಹುಡುಗರು, ನಮ್ಮ ಜನ ಬೇರೆ ಎನ್ನಬಹುದು. ಹೌದು, ಒಂದು ವ್ಯತ್ಯಾಸವಿದೆ, ಅದು ನಮಗೆ ಅನುಕೂಲವಾದದ್ದಲ್ಲ. ಆ ವಿದ್ಯಾರ್ಥಿಗಳ ಕೈಯಲ್ಲಿ ಸರಿಯಾದ ಪಾಠವಿತ್ತು. ಶುಕ್ರವಾರದ ಮೊದಲ ಆಟಕ್ಕೆ ನುಗ್ಗುವ ನಮ್ಮ ಪ್ರೇಕ್ಷಕನಿಗೆ ಅದೂ ಇರುವುದಿಲ್ಲ. ಅಲ್ಲಿ ಸುಳ್ಳು ಸತ್ಯದೊಡನೆ ಸೆಣಸಿ ಅರ್ಧ ಸಲ ಗೆದ್ದಿತು. ಇಲ್ಲಿ ಎದುರಾಳಿಯೇ ಇಲ್ಲ.

ಎಲಿಜಬೆತ್ ಮಾರ್ಷ್ ಮತ್ತು ಜತೆಗಾರರು 2003ರಿಂದ ನಡೆಸಿದ ಕಥೆ ಓದಿಸುವ ಪ್ರಯೋಗಗಳೂ ಇದೇ ದಿಕ್ಕಿಗೆ ಬೊಟ್ಟುಮಾಡುತ್ತವೆ. ಕಥೆಯೊಳಗೆ ತೂರಿಸಿದ್ದ ತಪ್ಪು ಮಾಹಿತಿಯನ್ನು ಓದುಗರು ಆಮೇಲಿನ ಸಾಮಾನ್ಯಜ್ಞಾನದ ಪರೀಕ್ಷೆಯಲ್ಲಿ ಉತ್ತರವಾಗಿ ಬರೆದರು. ಇದು ಮೊದಲೇ ಗೊತ್ತಿತ್ತೇ ಎಂದು ಕೇಳಿದರೆ ಹಲವರು ಹೌದೆಂದರು! ಕಥೆಯಲ್ಲಿ ತಪ್ಪಿದೆ ಎಂದು ಮುಂಚೆ ಹೇಳಿಟ್ಟರೂ, ಓದಲು ಹೆಚ್ಚು ಸಮಯ ಕೊಟ್ಟರೂ ತಪ್ಪು ಇಳಿಯಲಿಲ್ಲ. ಪ್ರತಿ ವಾಕ್ಯಕ್ಕೂ ನಿಂತು ಸರಿಯೋ ತಪ್ಪೋ ಎಂದು ಗುರುತು ಹಾಕಿಸಿದಾಗ ಸ್ವಲ್ಪ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಮೂರು ಗಂಟೆಯ ಯುದ್ಧದ ಚಿತ್ರವನ್ನು ಹಾಗೆ ನೋಡುವವರು ಯಾರು? 2007ರಲ್ಲಿ ಮಾರ್ಕುಸ್ ಆಪೆಲ್ ಮತ್ತು ಟೋಬಿಯಾಸ್ ರಿಕ್ಟರ್ ಇನ್ನೊಂದು ಸಂಗತಿಯನ್ನು ತೋರಿಸಿದರು. ಕಥೆಯಿಂದ ಬಂದ ತಪ್ಪು ನಂಬಿಕೆ ದಿನ ಕಳೆದಂತೆ ಸವೆಯುವ ಬದಲು ಎರಡು ವಾರದಲ್ಲಿ ಇನ್ನಷ್ಟು ಗಟ್ಟಿಯಾಗಿತ್ತು. ಎಲ್ಲಿ ಕೇಳಿದ್ದೆಂಬುದು ಮರೆಯುತ್ತದೆ, ಕೇಳಿದ್ದು ಉಳಿಯುತ್ತದೆ.

ತಿಳಿದವರಿಗೆ ಇದು ತಾಗದು ಎಂದುಕೊಳ್ಳುವವರು 2015ರ ಇನ್ನೊಂದು ಪ್ರಯೋಗವನ್ನು ಗಮನಿಸಬೇಕು. ಲೀಸಾ ಫೇಜಿಯೊ ಮತ್ತು ಸಂಗಡಿಗರು ಅಮೆರಿಕದ ವಿದ್ಯಾರ್ಥಿಗಳ ಮುಂದೆ ಇಟ್ಟ ಸುಳ್ಳು ಹೇಳಿಕೆಗಳಲ್ಲಿ ಒಂದು: ಸ್ಕಾಟ್ಲೆಂಡಿನ ಗಂಡಸರು ಉಡುವ ನೆರಿಗೆಯ ಗಿಡ್ಡ ಲಂಗಕ್ಕೆ ಸೀರೆ ಎನ್ನುತ್ತಾರೆ. ಅದರ ಹೆಸರು ಕಿಲ್ಟ್ ಎಂದು ಚೆನ್ನಾಗಿ ಗೊತ್ತಿದ್ದವರೂ, ಎರಡನೆಯ ಸಲ ಅದೇ ವಾಕ್ಯ ಕಣ್ಣಿಗೆ ಬಿದ್ದಾಗ ಮೊದಲ ಸಲಕ್ಕಿಂತ ಹೆಚ್ಚು ನಿಜವೆನಿಸುತ್ತದೆ ಎಂದು ಅಂಕ ಕೊಟ್ಟರು.

ಹೊರನಾಡಿನ, ಹೊರರಾಜ್ಯದ ಉದಾಹರಣೆಗಳನ್ನು ನೋಡಿ ತಲೆದೂಗುವುದು ಸುಲಭ. 1995ರ ‘ಬ್ರೇವ್‌ಹಾರ್ಟ್’ನಲ್ಲಿ ವಿಲಿಯಂ ವಾಲೆಸ್‌ಗೂ ಇಂಗ್ಲೆಂಡಿನ ಯುವರಾಣಿ ಇಸಬೆಲ್ಲಾಗೂ ಪ್ರೇಮ. 1305ರಲ್ಲಿ ವಾಲೆಸ್‌ನನ್ನು ಕೊಂದಾಗ ಇಸಬೆಲ್ಲಾ ಫ್ರಾನ್ಸಿನಲ್ಲಿದ್ದ ಹತ್ತು ವರ್ಷದ ಆಸುಪಾಸಿನ ಹುಡುಗಿ, ಮದುವೆಯಾಗಿ ಇಂಗ್ಲೆಂಡಿಗೆ ಬಂದದ್ದು 1308ರಲ್ಲಿ. 2022ರ ‘ಸಾಮ್ರಾಟ್ ಪೃಥ್ವಿರಾಜ್’ನಲ್ಲಿ ಕುರುಡನಾದ ಪೃಥ್ವಿರಾಜ ಬಾಣ ಬಿಟ್ಟು ಮಹಮ್ಮದ್ ಘೋರಿಯನ್ನು ಕೊಲ್ಲುತ್ತಾನೆ, ಘೋರಿ ಸತ್ತದ್ದು ಪೃಥ್ವಿರಾಜ ಸೋತ ತರಾಯಿನ್ ಯುದ್ಧ ಮುಗಿದು 14 ವರ್ಷಗಳಾದ ಮೇಲೆ, 1206ರಲ್ಲಿ. ನಮ್ಮದೇ ಮನೆಯಂಗಳಕ್ಕೆ ಬಂದಾಗ ಸ್ವಲ್ಪ ಕಸಿವಿಸಿಯಾಗುತ್ತದೆ. ಆದರೂ ಬರಲೇಬೇಕು.

‘ಮಯೂರ’, 1975. ದೇವುಡು ಅವರ ಕಾದಂಬರಿ, ವಿಜಯ್ ನಿರ್ದೇಶನ, ರಾಜ್‌ಕುಮಾರ್. ಕನ್ನಡದಲ್ಲಿ ಅದಕ್ಕೆ ಸಮನಾದ ರಾಜರ ಸಿನಿಮಾ ಹೆಚ್ಚಿಲ್ಲ ಎಂಬುದು ನನ್ನ ಅಭಿಪ್ರಾಯ, ಇವತ್ತು ನೋಡಿದರೂ ಮೈ ಜುಮ್ಮೆನ್ನುತ್ತದೆ. ಕದಂಬರ ಬಗ್ಗೆ ಕನ್ನಡಿಗರಿಗೆ ಇರುವ ಅಭಿಮಾನದ ಬಹುಪಾಲನ್ನು ಆ ಚಿತ್ರವೇ ಬೆಳೆಸಿತು. ಅದರಲ್ಲಿ ಬ್ರಾಹ್ಮಣರ ಮನೆಯಲ್ಲಿ ಬೆಳೆದ ತರುಣನಿಗೆ ಒಂದು ದಿನ ಗೊತ್ತಾಗುತ್ತದೆ, ತಾನು ಹುಟ್ಟಿನಿಂದ ರಾಜಕುಮಾರ, ಪಲ್ಲವರು ಕಸಿದುಕೊಂಡ ರಾಜ್ಯ ತನ್ನ ವಂಶದ್ದು ಎಂದು.

ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಮೇಲಿರುವ ಶಾಸನ ಬೇರೆಯೇ ಮಾತಾಡುತ್ತದೆ. ಐದನೆಯ ಶತಮಾನದ ನಡುಭಾಗದಲ್ಲಿ ಶಾಂತಿವರ್ಮನ ಕಾಲಕ್ಕೆ ಕುಬ್ಜನೆಂಬ ಕವಿ ರಚಿಸಿದ ಸಂಸ್ಕೃತ ಕಾವ್ಯ ಅದು. ಅದರ ಪ್ರಕಾರ ಮಯೂರಶರ್ಮ ಮಾನವ್ಯ ಗೋತ್ರದ ವೈದಿಕ ಮನೆತನದವನು. ಗುರು ವೀರಶರ್ಮನೊಡನೆ ಕಂಚಿಯ ಘಟಿಕಾಸ್ಥಾನಕ್ಕೆ ಓದಲು ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಯಿತು, ಅವಮಾನವಾಯಿತು. ದರ್ಭೆ, ಸಮಿತ್ತು, ತುಪ್ಪದ ಸೌಟು ಹಿಡಿದ ಕೈಯಲ್ಲಿ ಕತ್ತಿ ಹಿಡಿದ. ಗಡಿ ಕಾಯುವವರನ್ನು ಸೋಲಿಸಿ ಶ್ರೀಪರ್ವತದ ಸುತ್ತಲಿನ ಕಾಡಿನಲ್ಲಿ ಬೀಡುಬಿಟ್ಟ, ಬೃಹದ್ಬಾಣರಿಂದ ಕಪ್ಪ ವಸೂಲಿ ಮಾಡಿದ. ಕೊನೆಗೆ ಪಲ್ಲವರೇ ಅವನೊಡನೆ ರಾಜಿಗೆ ಬಂದು, ಪಟ್ಟಕಟ್ಟಿ ಸೀಮೆ ಬಿಟ್ಟುಕೊಟ್ಟರು. ಇದರಲ್ಲಿ ಕಳೆದುಹೋದ ಸಿಂಹಾಸನವಿಲ್ಲ. ಇರುವುದು ಅಪಮಾನಿತನಾದ ಒಬ್ಬ ವಿದ್ಯಾರ್ಥಿ, ಒಂದು ಕಾಡು, ಕಡೆಯಲ್ಲಿ ಒಂದು ಒಪ್ಪಂದ.

ಬದಲಾದದ್ದು ಚಿಲ್ಲರೆ ವಿವರವಲ್ಲ. ರಾಜವಂಶದವನಲ್ಲದ ಒಬ್ಬ ಸ್ವಂತ ಬಲದಿಂದ ರಾಜ್ಯ ಕಟ್ಟಿದ ಎಂಬ ಅಪರೂಪದ ಸುದ್ದಿಯನ್ನು ಚಿತ್ರ ಅಳಿಸಿ, ಆಳಲು ರಾಜರಕ್ತ ಬೇಕೆಂಬ ಹಳೆಯ ನಂಬಿಕೆಯನ್ನು ಅದರ ಜಾಗದಲ್ಲಿ ಕೂರಿಸಿತು. ದೇವುಡು ಅವರಿಗೆ ಕಾದಂಬರಿಕಾರನ ಹಕ್ಕಿತ್ತು, ಅದನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಐವತ್ತು ವರ್ಷಗಳಾದ ಮೇಲೆ ಕನ್ನಡಿಗರ ನೆನಪಿನಲ್ಲಿರುವುದು ಯಾವ ಮಯೂರ? ಶಾಸನ ‘ಎಪಿಗ್ರಾಫಿಯಾ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿದೆ, ಚಿತ್ರ ಪ್ರತಿಯೊಬ್ಬರ ಮೊಬೈಲಿನಲ್ಲಿದೆ.

ಶಾಸನವೇನು ಸತ್ಯದ ತವರೇ ಎಂಬ ಪ್ರಶ್ನೆ ಬರಬೇಕಾದ್ದೇ. ಕುಬ್ಜ ಆಸ್ಥಾನದ ಕವಿ, ಘಟನೆ ನಡೆದು ಸುಮಾರು ನೂರು ವರ್ಷದ ನಂತರ ಅದೇ ವಂಶದ ರಾಜನಿಗೆ ಹೊಗಳಿಕೆ ಬರೆಯುತ್ತಿದ್ದಾನೆ. ಅವನೂ ಬಣ್ಣ ಹಚ್ಚಿರಬಹುದು. ಆದರೆ ಬರೆದವನು ಯಾರು, ಬರೆಸಿದವರು ಯಾರು, ಯಾವ ಕಾಲದ್ದು ಎಂಬುದೆಲ್ಲ ಅಲ್ಲೇ ಇದೆ. ಅವನನ್ನು ಅನುಮಾನಿಸಲು ಬೇಕಾದ ಸಾಮಗ್ರಿಯನ್ನು ಅವನೇ ಕೊಟ್ಟಿದ್ದಾನೆ. ಚಿತ್ರ ಅಂಥ ಹಿಡಿಕೆ ಕೊಡುವುದಿಲ್ಲ.

ಫಲಕದ ಕಥೆಗೆ ಮರಳೋಣ. 1990ರಲ್ಲಿ ದೂರದರ್ಶನ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿ ತೋರಿಸಿದಾಗ ವಿವಾದ ನ್ಯಾಯಾಲಯಕ್ಕೆ ಹೋಯಿತು. ಇದು ಭಗವಾನ್ ಗಿಡ್ವಾನಿಯವರ ಕಾದಂಬರಿಯ ರೂಪಾಂತರ, ಟಿಪ್ಪುವಿನ ನಿಜಜೀವನವಲ್ಲ ಎಂಬ ಸೂಚನೆಯೊಡನೆ ಪ್ರಸಾರವಾಯಿತು. ಆ ಸೂಚನೆಯಿಂದ ಟಿಪ್ಪುವಿನ ಕುರಿತ ಜಗಳ ಒಂದಿಂಚೂ ತಣ್ಣಗಾಗಲಿಲ್ಲ. ‘ಪದ್ಮಾವತ್’ ಕೂಡ ಫಲಕ ಹಾಕಿಕೊಂಡೇ 2018ರಲ್ಲಿ ಬಂತು. ಅಲ್ಲಾವುದ್ದೀನ್ ಚಿತ್ತೋಡಿಗೆ ಮುತ್ತಿಗೆ ಹಾಕಿದ್ದು 1303ರಲ್ಲಿ. ಜತೆಗಿದ್ದ ಅಮೀರ್ ಖುಸ್ರೋ ಪದ್ಮಿನಿಯ ಹೆಸರೆತ್ತುವುದಿಲ್ಲ. ಅವಳ ಕಥೆ ಹೇಳುವ ಕಾವ್ಯವನ್ನು ಕವಿ ಜಾಯಸಿ ಬರೆದದ್ದು 1540ರಲ್ಲಿ. ಕಾವ್ಯದ ರಾಣಿಯ ಮಾನಕ್ಕಾಗಿ ಬೀದಿಗಿಳಿದವರು ಬಿಡುಗಡೆಯ ಹಿಂದಿನ ದಿನ ಗುರುಗ್ರಾಮದಲ್ಲಿ ಮಕ್ಕಳಿದ್ದ ಶಾಲಾ ಬಸ್ಸಿಗೆ ಕಲ್ಲು ಹೊಡೆದರು. ಚಿತ್ರ ಮಾಡಿದವರ ಕಡೆ ಇತಿಹಾಸವಿರಲಿಲ್ಲ, ನಿಷೇಧ ಕೇಳಿದವರ ಕಡೆಯೂ ಇರಲಿಲ್ಲ. ಆದ್ದರಿಂದಲೇ ನಿಷೇಧ ಇದಕ್ಕೆ ಮದ್ದಲ್ಲ. ನಿಷೇಧ ಕೇಳುವವರು ಸಾಮಾನ್ಯವಾಗಿ ಇನ್ನೊಂದು ಕಟ್ಟುಕಥೆಯ ವಾರಸುದಾರರು.

ಬ್ರಿಟನ್ನಿನಲ್ಲಿ ‘ದಿ ಕ್ರೌನ್’ ಸರಣಿಯ ವಿಷಯದಲ್ಲಿ ಫಲಕಕ್ಕಾಗಿಯೇ ಜಗಳವಾಯಿತು. 2020ರಲ್ಲಿ ಸಂಸ್ಕೃತಿ ಸಚಿವ ಆಲಿವರ್ ಡೌಡೆನ್ ಕೇಳಿದರು, ನೆಟ್‌ಫ್ಲಿಕ್ಸ್ ಆಗದು ಎಂದಿತು. 2022ರಲ್ಲಿ ನಟಿ ಜೂಡಿ ಡೆಂಚ್ ‘ದಿ ಟೈಮ್ಸ್’ಗೆ ಪತ್ರ ಬರೆದರು, ಮಾಜಿ ಪ್ರಧಾನಿ ಜಾನ್ ಮೇಜರ್ ತಮ್ಮ ಬಗೆಗಿನ ದೃಶ್ಯ ಶುದ್ಧ ಅಸಂಬದ್ಧವೆಂದರು. ಕೊನೆಗೆ ಟ್ರೇಲರಿನ ವಿವರಣೆಯಲ್ಲಿ ಇದು ಕಾಲ್ಪನಿಕ ನಾಟಕೀಕರಣ ಎಂಬ ಸಾಲು ಸೇರಿತು. ಬದುಕಿದ್ದವರು ಬಾಯಿಬಿಟ್ಟು ಅಲ್ಲವೆಂದರೂ ಅಷ್ಟೇ ಸಿಕ್ಕಿತು. ಸಾವಿರ ವರ್ಷದ ಹಿಂದೆ ಸತ್ತ ರಾಜ ಯಾವ ಪತ್ರಿಕೆಗೆ ಬರೆಯುತ್ತಾನೆ?

ಮುಂದೆ ಬರಲಿರುವುದು ಇದಕ್ಕಿಂತ ಕೆಟ್ಟದ್ದು. ಇದುವರೆಗೆ ಚಿತ್ರ, ಫಲಕ ಎರಡೂ ಒಂದೇ ರೀಲಿನಲ್ಲಿದ್ದವು. ಈಗ ರಾಜರ ಸಿನಿಮಾವನ್ನು ಹಲವರು ನೋಡುವುದು ಮೂವತ್ತು, ನಲವತ್ತು ಸೆಕೆಂಡಿನ ತುಣುಕುಗಳಲ್ಲಿ. ಕತ್ತಿ ಎತ್ತಿದ ದೃಶ್ಯ ಉಳಿಯುತ್ತದೆ, ಫಲಕ ಕತ್ತರಿಯಲ್ಲೇ ಹೋಗುತ್ತದೆ. ಅದೇ ತುಣುಕು ದಿನಕ್ಕೆ ಹತ್ತು ಸಲ ಕಣ್ಣಿಗೆ ಬೀಳುತ್ತದೆ. ಸೀರೆಯ ಪ್ರಯೋಗದಲ್ಲಿ ಎರಡನೆಯ ಸಲವೇ ಸಾಕಾಗಿತ್ತು. ತುಣುಕಿನ ಕೆಳಗೆ ಬರೆಯುವವನಿಗೆ ಸೆನ್ಸಾರ್ ಮಂಡಳಿಯ ಹಂಗೂ ಇಲ್ಲ, ನಿರ್ಮಾಪಕನ ಜವಾಬ್ದಾರಿಯೂ ಇಲ್ಲ.

ಇನ್ನೊಂದು, ಖರ್ಚು. ರಾಜರ ಚಿತ್ರ ಮಾಡಲು ಆನೆ, ಕುದುರೆ, ಕೋಟೆಯ ಸೆಟ್ಟು, ನೂರಾರು ಸಹನಟರು ಬೇಕಿದ್ದರು, ಆ ವೆಚ್ಚವೇ ಒಂದು ಬೇಲಿಯಾಗಿತ್ತು. 2025ರ ಮೇ ತಿಂಗಳಲ್ಲಿ ಗೂಗಲ್ ಹೊರತಂದ ವಿಯೋ 3 ಬರಹದ ಸೂಚನೆಯಿಂದಲೇ ಮಾತು, ಸದ್ದುಸಮೇತ ದೃಶ್ಯ ಹುಟ್ಟಿಸುತ್ತದೆ. ಅದೇ ಅಕ್ಟೋಬರ್‌ನಲ್ಲಿ ಕೃತಕ ಬುದ್ಧಿಮತ್ತೆಯಿಂದ ಮಾಡಿದ ಮಹಾಭಾರತದ ಧಾರಾವಾಹಿಯೇ ಜಿಯೋಹಾಟ್‌ಸ್ಟಾರ್‌ಗೆ ಬಂತು. ಈ ಯಂತ್ರಗಳು ಕಲಿಯುವುದು ಜಾಲದಲ್ಲಿ ಹೇರಳವಾಗಿ ಸಿಗುವುದನ್ನು. ಹೇರಳವಾಗಿರುವುದು ಸಿನಿಮಾದ ರಾಜರು, ಶಾಸನದ ರಾಜರಲ್ಲ. ಹಳೆಯ ಚಿತ್ರದ ಕಲ್ಪನೆ ಹೊಸ ದೃಶ್ಯಕ್ಕೆ ಆಧಾರವಾಗುತ್ತದೆ, ಆ ದೃಶ್ಯ ಮುಂದಿನದಕ್ಕೆ. ನಡುವೆ ಎಲ್ಲೂ ಕಾದಂಬರಿಕಾರನ ಹೆಸರೂ ಇರುವುದಿಲ್ಲ.

ಕರ್ನಾಟಕ ಇದರ ಬಾಗಿಲವರೆಗೆ ಒಮ್ಮೆ ಹೋಗಿ ಬಂದಿದೆ. 2023ರ ಮಾರ್ಚ್, ವಿಧಾನಸಭಾ ಚುನಾವಣೆಗೆ ಎರಡು ತಿಂಗಳಿತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪುವನ್ನು ಕೊಂದವರು ಬ್ರಿಟಿಷ್ ಸೈನಿಕರಲ್ಲ, ಉರಿಗೌಡ ಮತ್ತು ನಂಜೇಗೌಡ ಎಂಬಿಬ್ಬರು ಎಂಬ ವಾದ ಎದ್ದಿತು. ಅದಕ್ಕೆ ಅಂದಿನ ದಾಖಲೆಗಳ ಬೆಂಬಲವಿಲ್ಲ ಎಂದು ಇತಿಹಾಸಕಾರರು ಹೇಳಿದರು. ಆದರೂ ಮಂಡ್ಯದಲ್ಲಿ ಅವರ ಹೆಸರಿನ ಸ್ವಾಗತ ಕಮಾನು ಎದ್ದು ಇಳಿಯಿತು, ಆಗ ಸಚಿವರಾಗಿದ್ದ ನಿರ್ಮಾಪಕರೊಬ್ಬರು ಸಿನಿಮಾ ಘೋಷಿಸಿದರು. ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿ ಕರೆಸಿ ಬುದ್ಧಿ ಹೇಳಿದ ಮೇಲೆ ಅದು ನಿಂತಿತು. ನಿಂತದ್ದು ಒಬ್ಬ ಮಠಾಧೀಶರ ಮಾತಿನಿಂದ, ಯಾವ ನಿಯಮದಿಂದಲೂ ಅಲ್ಲ. ಅಂದು ಆ ಚಿತ್ರಕ್ಕೆ ಹಣ, ತಾರೆ, ತಿಂಗಳುಗಟ್ಟಲೆ ಚಿತ್ರೀಕರಣ ಬೇಕಿತ್ತು, ಆದ್ದರಿಂದ ತಡೆಯಲು ಸಮಯವೂ ಸಿಕ್ಕಿತು. ಮುಂದಿನ ಚುನಾವಣೆಯಲ್ಲಿ ಅಂಥದೊಂದನ್ನು ಒಂದೇ ರಾತ್ರಿಯಲ್ಲಿ ತಯಾರಿಸಿ ಬೆಳಗಾಗುವುದರೊಳಗೆ ಎಲ್ಲ ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಂಚಬಹುದು.

ಮಾಡಬೇಕಾದ್ದು ಬಟ್ಲರ್ ತಂಡದ ಪ್ರಯೋಗದಲ್ಲೇ ಇದೆ: ಬೆರಳಿಟ್ಟು ತೋರಿಸುವುದು. ಚಿತ್ರದ ಆರಂಭದಲ್ಲಿ ‘ಕಾಲ್ಪನಿಕ’ ಎಂಬ ಒಂದು ಸಾಲಿನ ಬದಲು ನಾಲ್ಕೈದು ಸಾಲು. ಈ ಪಾತ್ರ ಕಾದಂಬರಿಕಾರರದು, ಈ ಭೇಟಿ ನಡೆದಿಲ್ಲ, ಇವನು ಸತ್ತದ್ದು ಇಂಥ ವರ್ಷ ಹೀಗೆ. ಕಥೆಯ ಗುಟ್ಟು ಬಯಲಾಗುತ್ತದೆ ಎಂದು ನಿರ್ಮಾಪಕರು ಗೊಣಗಬಹುದು. ಸಂಭಾಜಿ ಕೊನೆಗೆ ಸಾಯುತ್ತಾನೆ, ಪೃಥ್ವಿರಾಜ ಸೋಲುತ್ತಾನೆ ಎಂಬ ಗುಟ್ಟು ಯಾರಿಗೆ ತಿಳಿಯದು? ಶಾಲೆಯಲ್ಲಿ ‘ಮಯೂರ’ ತೋರಿಸುವ ಮೇಷ್ಟ್ರಿಗೆ ಇದಕ್ಕಾಗಿ ಯಾರ ಅಪ್ಪಣೆಯೂ ಬೇಡ. ಚಿತ್ರ ಹಾಕುವ ಮುನ್ನ ಕಂಚಿಯ ಜಗಳವನ್ನು ಹೇಳಿದರೆ ಸಾಕು. ಆಗ ಸಿನಿಮಾದ ಶಕ್ತಿ, ಆ ಶೇ 50ರ ಲಾಭ, ನಮ್ಮ ಕಡೆಗೇ ಬರುತ್ತದೆ.

ಪಟ್ಟಿ ಮಾಡುವುದು ಚಿತ್ರತಂಡಕ್ಕೆ ಭಾರವೂ ಅಲ್ಲ. ಯಾವ ದೃಶ್ಯ ಎಲ್ಲಿಂದ ಬಂತು, ಯಾವುದನ್ನು ತಾವೇ ಕಟ್ಟಿದೆವು ಎಂಬುದು ಚಿತ್ರಕಥೆ ಬರೆದವರಿಗೆ ಗೊತ್ತಿರುತ್ತದೆ. ಕೇಳುವ ಜಾಗವೂ ಈಗಾಗಲೇ ಇದೆ. 2017ರ ನವೆಂಬರ್‌ನಲ್ಲಿ ಸೆನ್ಸಾರ್ ಮಂಡಳಿ ‘ಪದ್ಮಾವತಿ’ಯ (ಮುಂದೆ ‘ಪದ್ಮಾವತ್’ ಎಂದು ಬಂದದ್ದು ಇದೇ) ಅರ್ಜಿಯನ್ನು ಹಿಂದಕ್ಕೆ ಕಳಿಸಿತ್ತು. ಕಾರಣ, ಚಿತ್ರ ಕಾಲ್ಪನಿಕವೋ ಐತಿಹಾಸಿಕವೋ ಎಂದು ತಿಳಿಸಬೇಕಾದ ಜಾಗವನ್ನು ಖಾಲಿ ಬಿಟ್ಟಿದ್ದರು. ಆ ಜಾಗಕ್ಕೆ ಇನ್ನೊಂದು ಹಾಳೆ ಅಂಟಿಸಿ, ಎಷ್ಟು ಐತಿಹಾಸಿಕ, ಯಾವ ದೃಶ್ಯ ಕಾಲ್ಪನಿಕ ಎಂದು ಬರೆಸಿಕೊಂಡು, ಅದನ್ನು ಮಂಡಳಿ ತನ್ನ ಜಾಲತಾಣದಲ್ಲಿ ಪ್ರಮಾಣಪತ್ರದ ಜತೆ ಹಾಕಬಹುದು. ತುಣುಕು ಎಲ್ಲೇ ಹರಿದಾಡಲಿ, ಅನುಮಾನ ಬಂದವನಿಗೆ, ವರದಿಗಾರನಿಗೆ, ಮೇಷ್ಟ್ರಿಗೆ, ಠಾಣೆಯ ಪೊಲೀಸರಿಗೆ ತೆರೆದು ನೋಡಲು ಒಂದು ಪುಟವಾದರೂ ಸಿಗುತ್ತದೆ.